ದ್ರವಸ್ಫಟಿಕವೆಂಬ ಸಾಕ್ಷಿ

ಕಳೆದ ತಿಂಗಳು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಎಂಟು ದಿನ ಇದ್ದು ಬಂದೆ. ಅಲ್ಲಿ ನನ್ನ ಮೊಮ್ಮಗಳು ಒಂದು ಮೀನಿನ ತೊಟ್ಟಿಯನ್ನು ಸಾಕಿಕೊಂಡಿದ್ದಾಳೆ. (ಮೀನನ್ನು ಎನ್ನಬೇಕಿತ್ತು, ಆದರೆ ಆ ಮನೆಯಲ್ಲಿ ಮೀನಿಗಿಂತ ತೊಟ್ಟಿಗೇ ಆರೈಕೆ ಹೆಚ್ಚು.) ತೊಟ್ಟಿಯ ಗಾಜಿಗೆ ಹೊರಗಿನಿಂದ ಬೆರಳಗಲದ ಒಂದು ಕಪ್ಪು ಪಟ್ಟಿಯನ್ನು ಅಂಟಿಸಿದ್ದಾರೆ. ಅದರ ಮೇಲೆ ಸಾಲಾಗಿ ಅಂಕಿಗಳು. ನೀರಿನ ಉಷ್ಣತೆ ಎಷ್ಟಿದೆಯೋ ಆ ಅಂಕಿ ಮಾತ್ರ ನವಿಲಿನ ಗರಿಯಂತೆ ಹಸುರಾಗಿ ಹೊಳೆಯುತ್ತದೆ. "ತಾತ, ಇದರೊಳಗೆ ಬ್ಯಾಟರಿ ಎಲ್ಲಿದೆ?" ಎಂದು ಕೇಳಿದಳು. ಬ್ಯಾಟರಿ ಇಲ್ಲವೆಂದೆ. "ಹಾಗಾದರೆ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದಳು. ಮೂವತ್ತನಾಲ್ಕು ವರ್ಷ ವಿಜ್ಞಾನದ ಪಾಠ ಹೇಳಿದ ನನಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು ಮಂದಿ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳು ಮುನಿಸಿಕೊಳ್ಳಬಾರದು.

ಅವಳಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಅದರ ಬೆನ್ನಿಗೇ 1986ರಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ಎರಡಕ್ಕೂ ಏನು ಸಂಬಂಧವೆಂದು ಮೊದಲಿಗೆ ಕಾಣಲಾರದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರಿಕೆ.

ಪದಾರ್ಥಕ್ಕೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳೆಂದು ನಾವೆಲ್ಲ ಪಾಠ ಹೇಳಿದೆವು, ನೀವೆಲ್ಲ ಬಾಯಿಪಾಠ ಮಾಡಿದಿರಿ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಆ ಪಾಠಕ್ಕೆ ಒಗ್ಗದ ಒಂದು ವಿಚಿತ್ರವನ್ನು ಕಂಡರು. ಆ ವಸ್ತು 145.5 ಡಿಗ್ರಿಯಲ್ಲಿ ಕರಗಿ ಮಬ್ಬುಮಬ್ಬಾದ ದ್ರವವಾಯಿತು, 178.5 ಡಿಗ್ರಿ ತಲುಪಿದಾಗ ಆ ಮಬ್ಬು ತಟ್ಟನೆ ಮಾಯವಾಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುಬಿಂದುಗಳೇ! ಅವರು ಜರ್ಮನಿಯ ಒಟ್ಟೋ ಲೇಮನ್ ಎಂಬ ಭೌತವಿಜ್ಞಾನಿಗೆ ಪತ್ರ ಬರೆದು ಮಾದರಿಯನ್ನು ಕಳುಹಿಸಿದರು. ಲೇಮನ್ ತಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ದ್ರವದಂತೆ ಹರಿಯುತ್ತದೆ, ಆದರೆ ಬೆಳಕಿನೊಡನೆ ಸ್ಫಟಿಕದಂತೆ ವರ್ತಿಸುತ್ತದೆ ಎಂದು ಕಂಡುಕೊಂಡರು. ದ್ರವಸ್ಫಟಿಕ ಎಂಬ ಹೆಸರು ಬಂದದ್ದು ಹಾಗೆ. ಘನಕ್ಕೂ ದ್ರವಕ್ಕೂ ನಡುವಿನ ಜಗಲಿಯ ಮೇಲೆ ಕುಳಿತ ಸ್ಥಿತಿ ಇದು.

ಇದನ್ನು ತಿಳಿಯಲು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ನೆನಪಿಸಿಕೊಂಡರೆ ಸಾಕು. ಘನಸ್ಥಿತಿಯೆಂದರೆ ಡ್ರಿಲ್ ಮೇಷ್ಟ್ರು ಸೀಮೆಸುಣ್ಣದಿಂದ ಗುರುತು ಹಾಕಿದ ಜಾಗದಲ್ಲೇ ಪ್ರತಿಯೊಬ್ಬನೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದು. ದ್ರವಸ್ಥಿತಿಯೆಂದರೆ ಆಟದ ಬಿಡುವಿನ ಗಂಟೆ ಹೊಡೆದ ಮರುಕ್ಷಣ. ದ್ರವಸ್ಫಟಿಕವೆಂದರೆ ಇವೆರಡರ ನಡುವೆ: ಮಕ್ಕಳು ಅತ್ತಿತ್ತ ಸರಿದಾಡುತ್ತಿದ್ದಾರೆ, ಜಾಗ ಬದಲಿಸುತ್ತಿದ್ದಾರೆ, ಆದರೆ ಮುಖ ಮಾತ್ರ ಎಲ್ಲರದೂ ಧ್ವಜಸ್ತಂಭದ ಕಡೆಗೇ ಇದೆ. ಅಣುಗಳು ಕಡ್ಡಿಯಂತೆ ಉದ್ದನೆಯವಾದ್ದರಿಂದ ಅವಕ್ಕೆ 'ಮುಖ' ಎಂಬುದೊಂದಿದೆ. ಮುಂದಿನ ಸಾಲಿನ ಮಕ್ಕಳು ಎಡಕ್ಕೆ ತಿರುಗಿದರೆ ಹಿಂದಿನವರಿಗೆ ಯಾರೂ ಆಜ್ಞೆ ಮಾಡದಿದ್ದರೂ ಸಾಲುಸಾಲಾಗಿ ತಿರುಗುತ್ತಾರಲ್ಲವೆ? ಹಾಗೆಯೇ ಇಲ್ಲಿಯೂ. ಗಾಜಿಗೆ ತಗುಲಿದ ಮೊದಲ ಪದರದ ಅಣುಗಳು ಯಾವ ಕಡೆ ವಾಲುತ್ತವೆಯೋ ಅವುಗಳ ಹಿಂದಿರುವ ಸಾವಿರಾರು ಪದರಗಳು ಅದೇ ಕಡೆ ವಾಲುತ್ತವೆ. ಈ ಒಂದು ಗುಣವನ್ನು ನೆನಪಿನಲ್ಲಿಡಿ; ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಮೀನಿನ ತೊಟ್ಟಿಯ ಪಟ್ಟಿಯಲ್ಲಿರುವುದು ಕೊಲೆಸ್ಟರಿಕ್ ಎಂಬ ಬಗೆ. ಅಲ್ಲಿ ಪ್ರತಿಯೊಂದು ಪದರವೂ ಕೆಳಗಿನ ಪದರಕ್ಕಿಂತ ಸ್ವಲ್ಪ ತಿರುಚಿಕೊಂಡು, ಒಟ್ಟಿನಲ್ಲಿ ಗೋಪುರದೊಳಗಿನ ಸುರುಳಿಮೆಟ್ಟಿಲಿನಂತಾಗುತ್ತದೆ. ಒಂದು ಸುತ್ತಿನ ಎತ್ತರ ಬೆಳಕಿನ ತರಂಗದ ಉದ್ದಕ್ಕೆ ಹೊಂದಿಕೆಯಾದಾಗ ಆ ಬಣ್ಣ ಮಾತ್ರ ಹಿಂದಕ್ಕೆ ಚಿಮ್ಮುತ್ತದೆ. ಬಿಸಿ ತಗುಲಿದರೆ ಸುತ್ತು ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ, ಬಣ್ಣ ಬದಲಾಗುತ್ತದೆ. ಬಣ್ಣದ ಪುಡಿಯೇ ಅಲ್ಲಿಲ್ಲ. ಬರಿಯ ಜೋಡಣೆಯಿಂದ ಹುಟ್ಟಿದ ಬಣ್ಣ. ನವಿಲುಗರಿಯ ಗುಟ್ಟೂ ಇದೇ ಜಾತಿಯದು, ಆದ್ದರಿಂದ ಮೇಲಿನ ಹೋಲಿಕೆ ಕೇವಲ ಅಲಂಕಾರಕ್ಕಾಗಿ ಬಂದದ್ದಲ್ಲ. ಅಮೆರಿಕದ ಜೇಮ್ಸ್ ಫರ್ಗಸನ್ 1960ರ ದಶಕದಲ್ಲಿ ಈ ಬಗೆಯ ಉಷ್ಣಮಾಪಕಗಳ ಮೇಲೆ ಬಹಳ ಕೆಲಸ ಮಾಡಿದರು. ಬಿಸಿ ಮಾತ್ರವಲ್ಲ, ಗಾಳಿಯಲ್ಲಿ ಬೆರೆತ ಕೆಲವು ಆವಿಗಳು ಒಳಗೆ ಸೇರಿಕೊಂಡರೂ ಈ ಸುರುಳಿಯ ಬಣ್ಣ ಬದಲಾಗುತ್ತದೆ. ಅಂದರೆ ಜ್ವರವನ್ನು ತೋರಿಸುವ ವಸ್ತುವೇ ವಿಷವನ್ನೂ ತೋರಿಸಬಲ್ಲುದು.

ಈಗ 1986ಕ್ಕೆ ಬರುತ್ತೇನೆ.

ಆಗ ನಾನು ಚಿಂತಾಮಣಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಊರ ಸುತ್ತ ಟೊಮೇಟೊ ತೋಟಗಳು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ. ಹೆಸರು ಬರೆಯುವುದಿಲ್ಲ, ಆದರೆ ಅವನು ಈ ಪುಟದ ಓದುಗ, ಅವನ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಒಂದು ಬೆಳಿಗ್ಗೆ ಎರಡನೆಯ ಪೀರಿಯಡ್ಡಿನಲ್ಲಿ ಅವನು ಬೆಂಚಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಎಬ್ಬಿಸಿದೆ. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು. ಬೋರ್ಡಿನ ಅಕ್ಷರ ಮಂಜಾಗಿ ಕಾಣುತ್ತದೆ ಎಂದ. ರಾತ್ರಿ ಎರಡನೆಯ ಆಟದ ಸಿನಿಮಾಕ್ಕೆ ಹೋಗಿ ಬಂದು ನೆಪ ಹೇಳುತ್ತಿದ್ದಾನೆಂದು ನಾನು ತೀರ್ಮಾನಿಸಿದೆ. ಪೀರಿಯಡ್ ಮುಗಿಯುವವರೆಗೆ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಅವನು ಅಲ್ಲಿಯೇ ವಾಂತಿ ಮಾಡಿಕೊಂಡು ಕುಸಿದ ಮೇಲೆ ನಾವು ಓಡಿದೆವು. ಒಂದು ಲಾರಿಯನ್ನು ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದೆವು. ವೈದ್ಯರು ಅವನ ಕಣ್ಣಿನ ಪಾಪೆಯನ್ನು ನೋಡಿದರು. ಗುಂಡುಸೂಜಿಯ ತಲೆಯಷ್ಟಕ್ಕೆ ಕುಗ್ಗಿತ್ತು. "ಔಷಧಿ ಹೊಡೆಯೋಕೆ ಹೋಗಿದ್ದನಾ?" ಎಂಬುದೇ ಅವರ ಮೊದಲ ಪ್ರಶ್ನೆ. ಹೋಗಿದ್ದ. ಬೆಳಗಿನ ಐದು ಗಂಟೆಗೆ ಅಪ್ಪನ ಜೊತೆ ತೋಟಕ್ಕೆ ಮಾನೋಕ್ರೋಟೋಫಾಸ್ ಸಿಂಪಡಿಸಿ, ಕಾಲುವೆಯಲ್ಲಿ ಕೈಕಾಲು ತೊಳೆದು, ಅದೇ ಅಂಗಿಯಲ್ಲಿ ಶಾಲೆಗೆ ಬಂದಿದ್ದ. ಅಟ್ರೋಪಿನ್ ಚುಚ್ಚುಮದ್ದು ಅವನನ್ನು ಉಳಿಸಿತು.

ಆ ಡಬ್ಬಿಯ ಮೇಲೆ ವಜ್ರಾಕೃತಿಯ ಒಂದು ಗುರುತಿರುತ್ತದೆ. ಅದರ ಕೆಳಭಾಗದ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ವಿಷಕಾರಿ ಎಂದು ಅರ್ಥ. ಅದು ನನಗೂ ಆ ದಿನದವರೆಗೆ ತಿಳಿದಿರಲಿಲ್ಲ. ವಿಜ್ಞಾನದ ಮೇಷ್ಟ್ರು ನಾನು! ರಂಜಕ ಸೇರಿದ ಈ ಕೀಟನಾಶಕಗಳು ನಮ್ಮ ನರಗಳಲ್ಲಿ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ನರ ಕೊಟ್ಟ ಸಂದೇಶವನ್ನು ಅಳಿಸಿಹಾಕುವುದು ಆ ಕಿಣ್ವದ ಕೆಲಸ. ಅದು ನಿಂತರೆ ಬೆವರು, ಜೊಲ್ಲು, ಕಣ್ಣೀರು ಯಾವುದೂ ನಿಲ್ಲುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಪುಸ್ತಕದಲ್ಲಿ ಇದನ್ನು ಓದಿದ್ದು ಆಮೇಲೆ. ಮೊದಲು ಓದಿದ್ದರೆ ಆ ಹುಡುಗನನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಅವನು ಎಷ್ಟೋ ಸಲ "ಬಿಡಿ ಸಾರ್, ಅದನ್ನೆಲ್ಲ ಈಗ್ಯಾಕೆ" ಎಂದಿದ್ದಾನೆ. ಬಿಡಲಾಗಿಲ್ಲ.

ಆ ಹುಡುಗನ ಅಂಗಿಯ ಜೇಬಿನ ಮೇಲೆ ಬಣ್ಣ ಬದಲಿಸುವ ಒಂದು ಪಟ್ಟಿ ಇದ್ದಿದ್ದರೆ? ಮೀನಿನ ತೊಟ್ಟಿಯ ಮುಂದೆ ಕುಳಿತಾಗ ನನಗೆ ಹೊಳೆದದ್ದು ಇದು. ಮನೆಗೆ ಬಂದು, ಹೊರದೇಶದಲ್ಲಿ ಸಂಶೋಧನೆಯಲ್ಲಿರುವ ಇನ್ನೊಬ್ಬ ಶಿಷ್ಯನಿಗೆ ಬರೆದು ಕೇಳಿದಾಗ, ಅಂಥದೊಂದು ಯೋಚನೆ ಈಗಾಗಲೇ ಪ್ರಯೋಗಾಲಯದಲ್ಲಿ ರೂಪ ತಳೆದಿದೆಯೆಂದು ತಿಳಿಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ನಿಕೊಲಸ್ ಅಬಟ್ ಮತ್ತು ರಾಹುಲ್ ಶಾ ಎಂಬವರು 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಅವನು ಕಳುಹಿಸಿಕೊಟ್ಟ. ಅರ್ಥವಾಗಲು ನನಗೆ ನಾಲ್ಕು ದಿನ ಹಿಡಿಯಿತು. ಅರ್ಥವಾದಷ್ಟನ್ನು ಹೇಳುತ್ತೇನೆ.

ಒಂದು ತೆಳುವಾದ ಮೇಲ್ಮೈ. ಅದರ ಮೇಲೆ ತಾಮ್ರದ ಅಯಾನುಗಳನ್ನು ಕೂರಿಸಿದ್ದಾರೆ. ಅದರ ಮೇಲೆ ಕೆಲವೇ ಮೈಕ್ರೊಮೀಟರ್ ದಪ್ಪದ ದ್ರವಸ್ಫಟಿಕದ ಪೊರೆ. ಇದು ನೆಮ್ಯಾಟಿಕ್ ಎಂಬ ಬಗೆಯದು. ಕೈಗಡಿಯಾರ, ಕ್ಯಾಲ್ಕುಲೇಟರುಗಳಲ್ಲಿ ಬಳಸುವ ಜಾತಿಗೇ ಸೇರಿದ್ದು. ಇದರ ಅಣುವಿನ ಒಂದು ತುದಿಗೆ ತಾಮ್ರದ ಮೇಲೆ ಸ್ವಲ್ಪ ಒಲವು. ಆ ತುದಿಯಿಂದ ತಾಮ್ರವನ್ನು ಹಿಡಿದು ಅಣುಗಳು ನೆಟ್ಟಗೆ ನಿಲ್ಲುತ್ತವೆ. ಅಡ್ಡಡ್ಡಲಾಗಿ ಇಟ್ಟ ಎರಡು ಪೋಲರಾಯಿಡ್ ಹಾಳೆಗಳ ನಡುವೆ ಇದನ್ನಿಟ್ಟು ನೋಡಿದರೆ ಕಗ್ಗತ್ತಲೆ. ಈಗ ಗಾಳಿಯಲ್ಲಿ ರಂಜಕದ ಆ ಜಾತಿಯ ಆವಿ ಬಂತೆನ್ನಿ. ಅದು ಪೊರೆಯನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿ ತಳಕ್ಕೆ ಇಳಿಯುತ್ತದೆ. ಅದಕ್ಕೆ ತಾಮ್ರದ ಮೇಲೆ ಇನ್ನೂ ಹೆಚ್ಚಿನ ಹಕ್ಕು. ನಮ್ಮ ಊರಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನು ಬಂದು, ಆಗಲೇ ಕುಳಿತವನನ್ನು ಎಬ್ಬಿಸುವುದಿಲ್ಲವೆ, ಹಾಗೆ ದ್ರವಸ್ಫಟಿಕದ ಅಣುವನ್ನು ಎಬ್ಬಿಸಿ ತಾನು ಕೂರುತ್ತದೆ. ಹಿಡಿತ ತಪ್ಪಿದ ಅಣುಗಳು ಅಡ್ಡ ಮಲಗುತ್ತವೆ. ಮೊದಲ ಸಾಲು ಮಲಗಿದರೆ ಹಿಂದಿನ ಸಾಲುಗಳೂ ಮಲಗುತ್ತವೆ. ಕತ್ತಲೆಯಿದ್ದಲ್ಲಿ ಬೆಳಕು ಕಾಣುತ್ತದೆ. ಬ್ಯಾಟರಿ ಬೇಡ, ಯಂತ್ರ ಬೇಡ, ಕಣ್ಣು ಸಾಕು. ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗಗಳ ಪ್ರಮಾಣದ ಆವಿಯೂ ಇಲ್ಲಿ ಪತ್ತೆಯಾಗುತ್ತದೆ. ನೀರಿನ ಆವಿ, ಮದ್ಯಸಾರ, ಅಸಿಟೋನ್, ಹೆಕ್ಸೇನ್ ಇವು ಬಂದರೆ ಮೋಸ ಹೋಗುವುದೂ ಕಡಿಮೆ. ಉಡುಪಿಗೆ ಸಿಕ್ಕಿಸಿಕೊಳ್ಳುವ ಸಂವೇದಕಕ್ಕೆ ಇದು ಬುನಾದಿಯಾಗಬಹುದೆಂದು ಲೇಖಕರೇ ಬರೆದಿದ್ದಾರೆ.

ಅವರು ಪ್ರಯೋಗಕ್ಕೆ ಬಳಸಿದ್ದು ಯುದ್ಧದ ನರವಿಷಗಳ ಬದಲಿಗೆ ಪ್ರಯೋಗಾಲಯಗಳಲ್ಲಿ ಇಟ್ಟುಕೊಳ್ಳುವ, ಅಷ್ಟು ಅಪಾಯವಿಲ್ಲದ ಒಂದು ಸಂಯುಕ್ತವನ್ನು. ನಮ್ಮ ತೋಟದ ಔಷಧಿಗಳು ಆ ನರವಿಷಗಳ ದಾಯಾದಿಗಳು. ಸೈನಿಕನ ಎದೆಯ ಮೇಲೆ ಇಡಬೇಕೆಂದು ಯೋಚಿಸಿದ ಬಿಲ್ಲೆಯನ್ನು ಔಷಧಿ ಹೊಡೆಯುವ ಕೂಲಿಯ ಎದೆಯ ಮೇಲೆ ಇಡಲು ನಾವೇಕೆ ಇನ್ನೂ ಹೊರಟಿಲ್ಲ? ನನ್ನ ತಕರಾರು ಇರುವುದು ಇಲ್ಲಿಯೇ.

ನನ್ನ ಶಿಷ್ಯರಲ್ಲೇ ಈ ಮಾತಿಗೆ ವಿರೋಧವಿದೆ. ಆಹಾರದ ಮಾದರಿಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬಾಕೆ ದೂರವಾಣಿಯಲ್ಲಿ ನನ್ನೊಡನೆ ಅರ್ಧ ಗಂಟೆ ವಾದ ಮಾಡಿದಳು. "ಸಾರ್, ಗ್ಯಾಸ್ ಕ್ರೊಮಟೋಗ್ರಾಫ್ ಇರುವಾಗ ಈ ಆಟಿಕೆ ಯಾಕೆ? ಅದು ಯಾವ ವಿಷ, ಎಷ್ಟು ವಿಷ ಅಂತ ಲೆಕ್ಕ ಹಾಕಿ ಹೇಳುತ್ತೆ. ನಿಮ್ಮ ಪಟ್ಟಿ ಬರೀ ಬೆಳಕು, ಕತ್ತಲೆ ಅನ್ನುತ್ತೆ. ಕೋರ್ಟಿನಲ್ಲಿ ನಿಲ್ಲುತ್ತದೆಯೇ?" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಅವಳ ಯಂತ್ರ ಒಂದು ಸಂಯುಕ್ತವನ್ನು ಇನ್ನೊಂದರಿಂದ ಬೇರ್ಪಡಿಸಿ ತೂಗುತ್ತದೆ. ಪಟ್ಟಿಗೆ ಆ ಶಕ್ತಿಯಿಲ್ಲ. ಆದರೆ ಆ ಯಂತ್ರ ಬೆಂಗಳೂರಿನಲ್ಲಿದೆ. ಮಾದರಿಯನ್ನು ಬಾಟಲಿಯಲ್ಲಿ ತುಂಬಿ, ಮೊಹರು ಹಾಕಿ, ಮಂಜುಗಡ್ಡೆಯಲ್ಲಿಟ್ಟು ಕಳುಹಿಸಿ, ಸರದಿ ಬಂದು, ವರದಿ ಅಂಚೆಯಲ್ಲಿ ಹಿಂದಿರುಗುವಷ್ಟರಲ್ಲಿ ಟೊಮೇಟೊ ಕೋಲಾರದ ಮಾರುಕಟ್ಟೆಯನ್ನು ದಾಟಿ ಯಾರದೋ ಸಾರಿನಲ್ಲಿರುತ್ತದೆ. ಔಷಧಿ ಹೊಡೆದವನು ಆಸ್ಪತ್ರೆಯಲ್ಲಿರುತ್ತಾನೆ. ನ್ಯಾಯಾಧೀಶರು ಎಷ್ಟೇ ಸಮರ್ಥರಾಗಿದ್ದರೂ ಕಳ್ಳ ಬಂದ ರಾತ್ರಿ ಬೊಗಳುವುದಕ್ಕೆ ನಾಯಿ ಬೇಕು. ನನಗೆ ಬೇಕಾದದ್ದು ಆ ನಾಯಿ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. 1980ರ ದಶಕದವರೆಗೂ ಆ ಪದ್ಧತಿ ಇತ್ತು. ಹಕ್ಕಿ ಯಾವ ಕೋರ್ಟಿನಲ್ಲೂ ಸಾಕ್ಷಿ ಹೇಳಲಿಲ್ಲ. ಅದು ಪಂಜರದಲ್ಲಿ ಉರುಳಿದಾಗ ಜನ ಹೊರಗೆ ಓಡಿದರು.

ಇಷ್ಟು ವಾದಿಸಿದ ಮೇಲೂ ಅವಳ ಒಂದು ಮಾತು ನನ್ನನ್ನು ಚುಚ್ಚಿತು. "ಸಾರ್, ಆ ಪಟ್ಟಿ ಕಪ್ಪಾಗಿಯೇ ಇದ್ದರೆ ನಿಮ್ಮ ಕೂಲಿಯವನು ಏನು ತಿಳಿಯುತ್ತಾನೆ? ವಿಷವೇ ಇಲ್ಲ ಅಂತ ತಾನೆ?" ಇದು ನಿಜವಾದ ಅಪಾಯ. ತಾಮ್ರದ ಸೀಟಿಗೆ ಜಗಳವಾಡುವ ಸಂಯುಕ್ತವನ್ನು ಮಾತ್ರ ಆ ಪಟ್ಟಿ ಗುರುತಿಸುತ್ತದೆ. ಎಂಡೋಸಲ್ಫಾನಿನ ಉದಾಹರಣೆ ತೆಗೆದುಕೊಳ್ಳಿ. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದು, ಎಷ್ಟೋ ಮನೆಗಳ ಮಕ್ಕಳ ಬದುಕಿನ ಪ್ರಶ್ನೆಯಾಗಿ, ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದ ಆ ವಿಷದ ಅಣುವಿನ ರಚನೆಯೇ ಬೇರೆ. ಅದು ಕ್ಲೋರಿನ್ನಿನ ಸಂತಾನ. ರಂಜಕದ ಪಟ್ಟಿಯನ್ನು ಕಟ್ಟಿಕೊಂಡು ಆ ತೋಟದಲ್ಲಿ ನಿಂತಿದ್ದರೆ ಪಟ್ಟಿ ತೆಪ್ಪಗಿರುತ್ತಿತ್ತು. ಪ್ರತಿ ವಿಷಕ್ಕೂ ಅದರದೇ ಆದ ಸೀಟನ್ನು ಸಿದ್ಧಪಡಿಸಬೇಕು. ಇನ್ನೊಂದು ತೊಡಕೂ ಇದೆ. ತೋಟದಲ್ಲಿ ವಿಷ ಬರುವುದು ಆವಿಯಾಗಿ ಕಡಿಮೆ. ತುಂತುರು ಹನಿಯಾಗಿ, ಚರ್ಮದ ಮೂಲಕ ಬರುವುದೇ ಹೆಚ್ಚು. ಆ ಹುಡುಗನಿಗೂ ತಗುಲಿದ್ದು ನೆನೆದ ಅಂಗಿಯಿಂದ. ಆದ್ದರಿಂದ ಗಾಳಿಯನ್ನು ಮೂಸುವ ಪಟ್ಟಿಯಷ್ಟೇ ಸಾಲದು, ಬಟ್ಟೆಯ ತೇವವನ್ನು ಕೇಳುವ ಪಟ್ಟಿ ಬೇಕು. ಕಪ್ಪಾಗಿರುವ ಪಟ್ಟಿ 'ನನಗೆ ತಿಳಿದ ವಿಷ ಕಾಣಲಿಲ್ಲ' ಎನ್ನುತ್ತದೆಯೇ ಹೊರತು 'ಇಲ್ಲಿ ವಿಷವಿಲ್ಲ' ಎನ್ನುವುದಿಲ್ಲ. ಈ ವ್ಯತ್ಯಾಸವನ್ನು ಕೂಲಿಯವನಿಗೆ ಕನ್ನಡದಲ್ಲಿ, ಚಿತ್ರದಲ್ಲಿ ತಿಳಿಯಹೇಳದೆ ಪಟ್ಟಿಯನ್ನು ಮಾತ್ರ ಹಂಚಿದರೆ ಅದು ಕೆಂಪು ತ್ರಿಕೋನದ ಗತಿಯನ್ನೇ ಕಾಣುತ್ತದೆ.

ಇನ್ನು ನಮ್ಮ ಬಿಸಿಲಿನ ಮಾತು. ಇಂಥ ಪ್ರಯೋಗಗಳಲ್ಲಿ ಎಲ್ಲೆಲ್ಲೂ ಬಳಕೆಯಾಗುವ ದ್ರವಸ್ಫಟಿಕಕ್ಕೆ 5ಸಿಬಿ ಎಂದು ಹೆಸರು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ತಯಾರಿಸಿದ್ದು. ಗಡಿಯಾರದ ಅಂಕಿಪರದೆಗಳ ಯುಗ ಅದರಿಂದಲೇ ಬಲ ಪಡೆಯಿತು. ಅದು ದ್ರವಸ್ಫಟಿಕವಾಗಿರುವುದು ಸುಮಾರು 24ರಿಂದ 35 ಡಿಗ್ರಿಯ ನಡುವೆ ಮಾತ್ರ. ವಿಸ್ಕಾನ್ಸಿನ್ನಿನ ಪ್ರಯೋಗಾಲಯಕ್ಕೆ ಇದು ಸಾಕು. ರಾಯಚೂರಿನ ಹತ್ತಿಯ ಹೊಲದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅಲ್ಲಿ ಈ ಪೊರೆ ಸಾಲು ತಪ್ಪಿ ಬರಿಯ ದ್ರವವಾಗುತ್ತದೆ, ಪ್ರಾರ್ಥನೆ ಮುಗಿದು ಬಿಡುವಿನ ಗಂಟೆ ಹೊಡೆದಂತೆ. ಆಗ ವಿಷ ಬಂದರೂ ಒಂದೇ, ಬಿಟ್ಟರೂ ಒಂದೇ. ಬೇರೆ ಬೇರೆ ಸಂಯುಕ್ತಗಳನ್ನು ಬೆರೆಸಿ ಇನ್ನೂ ಹೆಚ್ಚಿನ ಬಿಸಿಯಲ್ಲೂ ಕೆಡದ ಮಿಶ್ರಣಗಳನ್ನು ಪರದೆಗಳಿಗಾಗಿ ಎಂದೋ ಮಾಡಿದ್ದಾರೆ, ದಾರಿ ಇಲ್ಲದಿಲ್ಲ. ಆದರೆ ನಮ್ಮ ಹವೆಗೆ, ನಮ್ಮ ಧೂಳಿಗೆ, ನಮ್ಮ ಮಳೆಗಾಲದ ತೇವಕ್ಕೆ ಹೊಂದುವ ಪಟ್ಟಿಯನ್ನು ಹೊರಗಿನವರು ಮಾಡಿಕೊಡಲಿ ಎಂದು ಕಾಯುವುದು ಯಾವ ನ್ಯಾಯ?

ಅದರಲ್ಲಿಯೂ ನಾವು ಕಾಯಬಾರದು. ಏಕೆಂದರೆ ದ್ರವಸ್ಫಟಿಕದ ವಿಷಯದಲ್ಲಿ ಕನ್ನಡನಾಡು ಬಡವಾಗಿಲ್ಲ. ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದ ಕಾಲಕ್ಕೆ ಮಾನಸಗಂಗೋತ್ರಿಯ ಭೌತವಿಜ್ಞಾನ ವಿಭಾಗಕ್ಕೆ ಎಸ್. ಚಂದ್ರಶೇಖರ್ ಅವರು ಮುಖ್ಯಸ್ಥರಾಗಿದ್ದರು. ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರರೇ ಬೇರೆ, ಇವರೇ ಬೇರೆ, ಇಬ್ಬರೂ ಸಿ.ವಿ. ರಾಮನ್ನರ ಬಂಧುಗಳು. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡಗೂಡಿ ಒಂದು ದೊಡ್ಡ ಸಂಗತಿಯನ್ನು ಕಂಡುಹಿಡಿದರು. ಅಲ್ಲಿಯವರೆಗೆ ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತಿರಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಇವರು ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಪೇರಿಸಿದಂತೆ ಕಂಬಕಂಬವಾಗಿ ಜೋಡಣೆಗೊಂಡು ದ್ರವಸ್ಫಟಿಕವಾಗುತ್ತವೆಂದು ತೋರಿಸಿದರು. ಅದನ್ನು ಪ್ರಕಟಿಸಿದ್ದೂ ನಮ್ಮ ಬೆಂಗಳೂರಿನ 'ಪ್ರಮಾಣ' ಪತ್ರಿಕೆಯಲ್ಲಿ. ಜಗತ್ತು ಅದನ್ನು ಅಲ್ಲಿಯೇ ಹುಡುಕಿಕೊಂಡು ಬಂದು ಓದಿತು. ಮುಂದೆ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಅವರು ಕಟ್ಟಿದರು. ಅದೇ ಇಂದು ನ್ಯಾನೊ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರವಾಗಿ ಬೆಳೆದಿದೆ. ಚಂದ್ರಶೇಖರ್ 2004ರಲ್ಲಿ ತೀರಿಕೊಂಡರು. ಇಂಥ ಪರಂಪರೆ ಮನೆಯ ಅಂಗಳದಲ್ಲಿದ್ದೂ ದ್ರವಸ್ಫಟಿಕವೆಂದರೆ ಟೀವಿ ಎಂದಷ್ಟೇ ನಮ್ಮ ಮಕ್ಕಳಿಗೆ ತಿಳಿದಿದೆ. ಪಠ್ಯಪುಸ್ತಕದಲ್ಲಿ ಒಂದು ಪುಟ ಕೊಟ್ಟರೆ ಕಾಗದ ಮುಗಿದು ಹೋಗುತ್ತಿತ್ತೆ?

ನೀರಿನ ವಿಷಯದಲ್ಲಂತೂ ಈ ವಿದ್ಯೆ ಇನ್ನೂ ಸೊಗಸಾಗಿದೆ. ವಿದ್ಯುನ್ಮಾನ ಸೂಕ್ಷ್ಮದರ್ಶಕದಲ್ಲಿ ಬಳಸುವ ಪುಟ್ಟ ತಾಮ್ರದ ಜಾಲರಿಯ ಕಣ್ಣುಗಳಲ್ಲಿ ದ್ರವಸ್ಫಟಿಕವನ್ನು ತುಂಬಿ, ವಿಶೇಷವಾಗಿ ಸಿದ್ಧಪಡಿಸಿದ ಗಾಜಿನ ಮೇಲಿಟ್ಟು, ಶುದ್ಧ ನೀರಿನಲ್ಲಿ ಮುಳುಗಿಸಿದರೆ ಅಣುಗಳು ನೀರಿನ ಅಂಚಿನಲ್ಲಿ ಮಲಗುತ್ತವೆ. ಪೋಲರಾಯಿಡ್ ಹಾಳೆಗಳ ನಡುವೆ ಬೆಳಕು ಕಾಣುತ್ತದೆ. ನೀರಿಗೆ ಸಾಬೂನು, ಮಾರ್ಜಕಗಳ ಅಣುಗಳು ಸೇರಿದರೆ ಅವು ಅಂಚಿಗೆ ಬಂದು ಗುಂಪುಗೂಡುತ್ತವೆ, ದ್ರವಸ್ಫಟಿಕವನ್ನು ನೆಟ್ಟಗೆ ನಿಲ್ಲಿಸುತ್ತವೆ, ಬೆಳಕು ಆರುತ್ತದೆ. ಅಬಟ್ ಅವರ ಗುಂಪೇ 2002ರ ಸುಮಾರಿಗೆ ಈ ವಿಧಾನವನ್ನು ರೂಪಿಸಿತು. ಇದನ್ನು ಓದುವಾಗ ನನಗೆ ಬೆಳ್ಳಂದೂರು ಕೆರೆ ನೆನಪಾಗದೆ ಇರಲಿಲ್ಲ. 2015ರಲ್ಲಿ ಆ ಕೆರೆಯ ನೊರೆ ರಸ್ತೆಗೆ ಹಾರಿ ದ್ವಿಚಕ್ರವಾಹನದವರ ಮುಖಕ್ಕೆ ಮೆತ್ತಿತು; 2018ರ ಜನವರಿಯಲ್ಲಿ ಕೆರೆಯಂಗಳಕ್ಕೆ ಬೆಂಕಿಯೇ ಬಿತ್ತು. ನೊರೆ ಆಳೆತ್ತರಕ್ಕೆ ಏಳುವ ಕೆರೆಗೆ ಸಂವೇದಕ ಬೇಕೆ ಎಂದು ನೀವು ನಗಬಹುದು. ನಗಬೇಕಾದದ್ದೇ. ಆದರೆ ಆ ನೊರೆ ಒಂದು ರಾತ್ರಿಯಲ್ಲಿ ಹುಟ್ಟಲಿಲ್ಲ. ಅದು ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ವರ್ಷ ಮೊದಲು ನೀರಿನಲ್ಲಿ ಬೆರೆಯುತ್ತಿತ್ತು. ಆಗ ಕೆರೆಯ ಪಕ್ಕದ ಶಾಲೆಯ ಮಕ್ಕಳ ಕೈಯಲ್ಲಿ ಇಂಥ ಒಂದು ಜಾಲರಿಯಿದ್ದು, ತಿಂಗಳಿಗೊಮ್ಮೆ ಬೆಳಕು ಎಷ್ಟು ಕುಗ್ಗಿತೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ, ನಮಗೆ ತಿಳಿದಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಇದು ಕನಸಲ್ಲ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಕುಡಿಯುವ ನೀರನ್ನು ಪರೀಕ್ಷಿಸುವ ಕಿಟ್ಟುಗಳ ತರಬೇತಿ ಕೊಡಬೇಕೆಂದಿದೆ. ನಮ್ಮೂರಿನಲ್ಲಿ ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಫ್ಲೋರೈಡಿನ ಪರೀಕ್ಷೆಯನ್ನು ನನ್ನ ಮುಂದೆ ಮಾಡಿ ತೋರಿಸಿದಳು. ನಮ್ಮ ಕಾಲದ ಎಷ್ಟೋ ಪದವೀಧರರ ಕೈಗಿಂತ ಅವಳ ಕೈ ಸ್ಥಿರವಾಗಿತ್ತು.

ಕೊನೆಯದಾಗಿ, ನನ್ನ ಉತ್ಸಾಹಕ್ಕೆ ನಾನೇ ಹಾಕಿಕೊಳ್ಳಬೇಕಾದ ಒಂದು ಕಡಿವಾಣ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇತ್ತು. 1986ರ ನನ್ನ ಹುಡುಗನ ಅಂಗಿಯಲ್ಲಿದ್ದ ಅದೇ ವಿಷ. ಎಣ್ಣೆ ಸರಿಯಿಲ್ಲವೆಂದು ಅಡುಗೆಯವರಿಗೆ ಅನುಮಾನ ಬಂದಿತ್ತು, ಹೇಳಿಯೂ ಇದ್ದರು ಎಂದು ಪತ್ರಿಕೆಗಳು ಬರೆದವು. ಅಂದರೆ ಅಲ್ಲಿ ಸಂವೇದಕವಿತ್ತು. ಅಡುಗೆಯವರ ಮೂಗು. ನನ್ನ ತರಗತಿಯಲ್ಲಿಯೂ ಇತ್ತು: ಆ ಹುಡುಗನ ಬೆವರು, ಅವನ ಜೊಲ್ಲು, ಅಕ್ಷರ ಮಂಜಾಗಿದೆ ಎಂಬ ಅವನ ಮಾತು. ನಾನು ಓದಲಿಲ್ಲ. ಬಡವರು ಹೇಳಿದ್ದನ್ನು, ಚಿಕ್ಕವರು ಹೇಳಿದ್ದನ್ನು ನೆಪವೆಂದು ತಳ್ಳಿಹಾಕುವ ಮೇಷ್ಟ್ರಿಗೆ ಯಾವ ದ್ರವಸ್ಫಟಿಕವೂ ದಾರಿ ತೋರಲಾರದು ಎಂದು ನನಗೆ ಗೊತ್ತಿದೆ. ಆದರೂ ಪಟ್ಟಿ ಬೇಕೆನ್ನುತ್ತೇನೆ. ಕೂಲಿಯವನು "ತಲೆ ಸುತ್ತುತ್ತಿದೆ" ಎಂದರೆ ಯಜಮಾನ ಸೋಮಾರಿತನವೆನ್ನಬಹುದು. ಎದೆಯ ಮೇಲಿನ ಬಿಲ್ಲೆ ಬೆಳಗಿದ್ದನ್ನು ಹತ್ತು ಜನ ಕಂಡ ಮೇಲೆ ಹಾಗೆನ್ನುವುದು ಸ್ವಲ್ಪ ಕಷ್ಟ. ಅದಕ್ಕಾಗಿಯೇ ಆ ಬಿಲ್ಲೆ ಯಜಮಾನನ ಕಚೇರಿಯ ಗೋಡೆಯ ಮೇಲೆ ಇರಕೂಡದು, ದುಡಿಯುವವನ ಅಂಗಿಯ ಮೇಲೆ, ಅವನ ಸ್ವತ್ತಾಗಿ ಇರಬೇಕು. ನನ್ನ ಶಿಷ್ಯರಲ್ಲಿ ಕೃಷಿ ಇಲಾಖೆಯವರಿದ್ದೀರಿ, ಸಂಶೋಧಕರಿದ್ದೀರಿ, ಇಬ್ಬರು ಔಷಧಿ ಅಂಗಡಿಯವರೂ ಇದ್ದೀರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ನಿಮ್ಮ ನಿಮ್ಮ ಮೇಜಿನ ಮೇಲೆ ಈ ವಿಷಯವನ್ನು ಒಮ್ಮೆ ಎತ್ತಿಕೊಳ್ಳಿ.

ಈ ಬರಹವನ್ನು ಮುಗಿಸುವ ಮುನ್ನ ಆ ಹುಡುಗನಿಗೆ ಓದಿ ಹೇಳಿದೆ. ಹುಡುಗನೆಂದರೆ ಈಗ ಐವತ್ತು ದಾಟಿದವನು; ಅವನದೇ ಆರು ಎಕರೆ ಟೊಮೇಟೊ ಇದೆ. ಪೂರ್ತಿ ಕೇಳಿ, "ಸಾರ್, ಆ ಬಿಲ್ಲೆ ಒಂದಕ್ಕೆ ಎಷ್ಟಾಗಬಹುದು?" ಎಂದ. ಅಂಗಡಿಯಲ್ಲಿ ಸಿಗುವಂಥದು ಇನ್ನೂ ನನಗೆ ಕಂಡಿಲ್ಲವೆಂದೆ. "ಹಾಗಾದರೆ ಪೋಲರಾಯಿಡ್ ಹಾಳೆಯಾದರೂ ತೋರಿಸಿ, ನಮ್ಮ ಹುಡುಗರೂ ನೋಡಲಿ" ಎಂದ. ಕೆಟ್ಟುಹೋದ ಕ್ಯಾಲ್ಕುಲೇಟರಿನ ಪರದೆಯ ಮೇಲಿನ ಹಾಳೆಯನ್ನು ಬಿಡಿಸಿದರೆ ಅದೇ ಪೋಲರಾಯಿಡ್. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ತೋಟದ ಮನೆಯಲ್ಲಿ ಸೇರುತ್ತಿದ್ದೇವೆ. ನಿಮ್ಮಲ್ಲಿ ಹಳೆಯ ಕ್ಯಾಲ್ಕುಲೇಟರು, ಹಳೆಯ ಕೈಗಡಿಯಾರಗಳಿದ್ದರೆ ಎಸೆಯದೆ ತನ್ನಿ. ಮೊಮ್ಮಗಳು ಮೀನಿನ ತೊಟ್ಟಿಯ ಪಟ್ಟಿಯನ್ನು ಕಿತ್ತುಕೊಂಡು ಬರುವುದಾಗಿ ಹೇಳಿದ್ದಾಳೆ. ಅವಳ ಅಪ್ಪನಿಗೆ ಇನ್ನೂ ತಿಳಿದಿಲ್ಲ.